ಶ್ರೀಮಾನ್ ‘ವರೆಗೆ’ ಅವರಿಗೊಂದು ಬಹಿರಂಗ ಪತ್ರ

ಮೈಸೂರು,
ರಾತ್ರಿ ಹತ್ತೂವರೆ

ಮಹಾರಾಜಶ್ರೀ ‘ವರೆಗೆ’ ಅವರ ಸನ್ನಿಧಿಗೆ,

ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ತಾವು ಬ್ರಾಡ್‌ಬ್ಯಾಂಡ್ ಜಾಹೀರಾತಿನ ಮೂಲೆಯಲ್ಲಿ, ಸಾಸಿವೆ ಕಾಳಿನ ಗಾತ್ರದ ಅಕ್ಷರಗಳಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ‘100 ಎಂಬಿಪಿಎಸ್’ ಎಂಬ ತೇರು ಮುಂದೆ, ಅದರ ಬಾಲಕ್ಕೆ ಅಂಟಿಕೊಂಡು ತಾವು ಹಿಂದೆ. ಕನ್ನಡಕಕ್ಕೂ ಕಾಣದ ತಮ್ಮನ್ನು ನನಗೆ ತೋರಿಸಿಕೊಟ್ಟವಳು ನ್ಯೂಜೆರ್ಸಿಯಲ್ಲಿರುವ ನನ್ನ ಮೊಮ್ಮಗಳು.

ಅವಳು ಶಾಲೆಯ ನಾಟಕದಲ್ಲಿ ಮರದ ಪಾತ್ರ ಮಾಡಿದ್ದಾಳೆ. ಆ ವಿಡಿಯೊ ಒಂದೂವರೆ ಜಿಬಿ, ಅಲ್ಲಿನ ಶಾಲೆಯ ಸರ್ವರ್‌ನಲ್ಲಿದೆ. ನೂರು ಎಂಬಿಪಿಎಸ್ ಲೆಕ್ಕದಲ್ಲಿ ಎರಡು ನಿಮಿಷದ ಕೆಲಸ ಎಂದುಕೊಂಡು ರಾತ್ರಿ ಒಂಬತ್ತಕ್ಕೆ ಡೌನ್‌ಲೋಡ್‌ಗೆ ಹಾಕಿದೆ. ಈಗ ಹತ್ತೂವರೆ, ಶೇ 90 ಇಳಿದಿದೆ. ಮರದ ಪಾತ್ರವೇನೋ ಸರಿ, ಬೀಜದಿಂದಲೇ ಬೆಳೆದು ಬರಬೇಕೆ?

ಸೋಜಿಗವೆಂದರೆ, ಇದೇ ಹೊತ್ತಿನಲ್ಲಿ ನಡುಮನೆಯಲ್ಲಿ ನಮ್ಮ ಮನೆಯವರು ಹಾಲಿವುಡ್ ಸಿನಿಮಾವೊಂದನ್ನು ಒಂದು ಸಲವೂ ಲೋಡಿಂಗ್ ಚಕ್ರ ತಿರುಗದೆ ನೋಡುತ್ತಿದ್ದಾರೆ. ಅದೂ ಅಮೆರಿಕದ್ದೇ, ಇದೂ ಅಮೆರಿಕದ್ದೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. “ಸಾರ್, ರೌಟರ್ ಆಫ್ ಮಾಡಿ ಆನ್ ಮಾಡಿ. ಒಂದು ಸ್ಪೀಡ್ ಟೆಸ್ಟ್ ಹಾಕಿ” ಎಂದರು. ಮುಳ್ಳು 98ಕ್ಕೆ ಜಿಗಿಯಿತು. “ನೋಡಿ ಸಾರ್, ನಮ್ ಕಡೆ ಎಲ್ಲಾ ಕ್ಲಿಯರ್ ಇದೆ. ಅದರಾಚೆ ನಮ್ಮ ವ್ಯಾಪ್ತಿಗೆ ಬರಲ್ಲ” ಎಂದು ಫೋನ್ ಇಟ್ಟರು.

ಆಮೇಲೆ ಮುಳ್ಳಿನ ಕೆಳಗಿನ ಸಣ್ಣಕ್ಷರ ಓದಿದೆ. ಪರೀಕ್ಷೆ ನಡೆದದ್ದು ಬೆಂಗಳೂರಿನ ಸರ್ವರ್ ಜೊತೆ. ಅದನ್ನು ಇಟ್ಟವರೂ ಇದೇ ಕಂಪನಿಯವರು. ಹೆತ್ತವರಿಗೆ ಹೆಗ್ಗಣ ಮುದ್ದು; ಆ ಹೆಗ್ಗಣದ ಉತ್ತರಪತ್ರಿಕೆಯನ್ನೂ ಹೆತ್ತವರೇ ತಿದ್ದಿದರೆ 98ಕ್ಕಿಂತ ಕಡಿಮೆ ಹೇಗಾದೀತು? ಪಟ್ಟಿಯಲ್ಲಿ ಹುಡುಕಿ ನ್ಯೂಯಾರ್ಕ್‌ನ ಸರ್ವರ್ ಆರಿಸಿ ಮತ್ತೆ ಒತ್ತಿದೆ. ಮುಳ್ಳು 11ರ ಹತ್ತಿರ ಏದುಸಿರು ಬಿಟ್ಟು ಕೂತುಬಿಟ್ಟಿತು.

ಸ್ವಾಮಿ, ತಮ್ಮ ನಿಜರೂಪದ ದರ್ಶನವಾದದ್ದು ಆಗಲೇ. ನಾನು ಇಷ್ಟು ದಿನ ತಮ್ಮನ್ನು ಅಳತೆಯ ಮಾತು ಎಂದುಕೊಂಡಿದ್ದೆ: ಎಷ್ಟರವರೆಗೆ? ನೂರರವರೆಗೆ. ತಾವು ಊರಿನ ಮಾತು: ಎಲ್ಲಿಯವರೆಗೆ? ಬೆಂಗಳೂರಿನವರೆಗೆ!

ಸಿನಿಮಾದ ಗುಟ್ಟೂ ಇದೇ. ದೊಡ್ಡ ವಿಡಿಯೊ ಕಂಪನಿಗಳು ತಮ್ಮ ಸರಕಿನ ಪ್ರತಿಗಳನ್ನು ಇಲ್ಲಿನ ಇಂಟರ್‌ನೆಟ್ ಕಂಪನಿಗಳ ಅಂಗಳದಲ್ಲೇ ಪೆಟ್ಟಿಗೆಗಳಲ್ಲಿ ತುಂಬಿಡುತ್ತವೆ. ಹಾಲಿವುಡ್ ನಾಯಕನಿಗೆ ಬೆಂಗಳೂರಿನಲ್ಲಿ ಸ್ವಂತ ಮನೆ ಇದೆ. ನನ್ನ ಮೊಮ್ಮಗಳಿಗೆ ಇಲ್ಲ. ಅವಳು ಪಾಪ ಅಟ್ಲಾಂಟಿಕ್ ದಾಟಿ, ಮೆಡಿಟರೇನಿಯನ್ ಈಜಿ, ಕೆಂಪು ಸಮುದ್ರದಲ್ಲಿ ಮುಳುಗೆದ್ದು, ಮುಂಬೈಯಲ್ಲಿ ದಡ ಹತ್ತಿ ಮೈಸೂರಿಗೆ ಬರಬೇಕು. ದೂರಸಂಪರ್ಕ ನಿಯಂತ್ರಕ ಟ್ರಾಯ್ 2023ರಲ್ಲಿ ಕೊಟ್ಟ ಲೆಕ್ಕದಂತೆ ಆಗ ದೇಶಕ್ಕೆ ಬರುತ್ತಿದ್ದ 17 ಅಂತರರಾಷ್ಟ್ರೀಯ ಸಮುದ್ರ ಕೇಬಲ್‌ಗಳು ಮೇಲೆದ್ದು ಬರುತ್ತಿದ್ದುದು ಐದೇ ಊರುಗಳಲ್ಲಿ: ಮುಂಬೈ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರ. ಐಟಿ ರಾಜಧಾನಿಯ ರಾಜ್ಯಕ್ಕೆ ಕಾರವಾರದಿಂದ ಮಂಗಳೂರಿನವರೆಗೆ ಕಡಲುಂಟು, ಪಟ್ಟಿಯಲ್ಲಿ ಹೆಸರಿಲ್ಲ. ನಮ್ಮ ಕಡಲಿಗೆ ಬಂಗುಡೆ ಬರುತ್ತದೆ, ಬ್ಯಾಂಡ್‌ವಿಡ್ತ್ ಬರುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲವೂ ತಮ್ಮ ತಪ್ಪಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ, ಅದಕ್ಕಿಂತ ಜೋರಾಗಿ ಓಡೆಂದು ಗದರಿಸಲಾಗದು. ಹೋಗಿ ಬರಲು ಇನ್ನೂರು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಕಳುಹಿಸುವ ಯಂತ್ರವೋ ನಮ್ಮ ಹಳೆಯ ಅಂಚೆ ಗುಮಾಸ್ತರಂತೆ: ಒಂದು ಕಂತೆ ಕಳುಹಿಸಿ ‘ತಲುಪಿತು’ ಎಂಬ ರಸೀದಿಗೆ ಕಾಯುತ್ತದೆ. ಹಳೆಯ ಕ್ರಮದ 64 ಕಿಲೋಬೈಟ್ ಕಂತೆಯಾದರೆ ಸೆಕೆಂಡಿಗೆ ಐದೇ ಕಂತೆ, ಅಂದರೆ ಎರಡೂವರೆ ಎಂಬಿಪಿಎಸ್ ಚಿಲ್ಲರೆ. ಮನೆಯ ಕೊಳವೆ ನೂರರದ್ದಾದರೂ ಅಷ್ಟೇ, ಸಾವಿರದ್ದಾದರೂ ಅಷ್ಟೇ. ಈಗಿನ ಯಂತ್ರಗಳು ದೊಡ್ಡ ಕಂತೆ ಕಟ್ಟಬಲ್ಲವು. ಆದರೆ ದಾರಿಯಲ್ಲಿ ಒಂದು ಪೊಟ್ಟಣ ಕಳೆದರೂ ಹೆದರಿ ಕಂತೆಯನ್ನು ಸಣ್ಣದು ಮಾಡುತ್ತವೆ. ಕಳೆಯುವುದು ಎಲ್ಲಿ? ರಾತ್ರಿ ಒಂಬತ್ತಕ್ಕೆ ಊರಿಗೂರೇ ನುಗ್ಗುವ, ಕಂಪನಿಯವರು ಕಾಸು ನೋಡಿ ಕೊಂಡ ಇಕ್ಕಟ್ಟಾದ ಹೊರದಾರಿಯಲ್ಲಿ. ಇದು ಬೆಳಕಿನ ತಪ್ಪಲ್ಲ ಸ್ವಾಮಿ, ಲೆಕ್ಕಪತ್ರದ್ದು.

ಕೇಬಲ್ ಹರಿದಾಗಲಂತೂ ಕೇಳುವುದೇ ಬೇಡ. 2008ರ ಜನವರಿಯಲ್ಲಿ ಈಜಿಪ್ಟ್ ಬಳಿ, 2025ರ ಸೆಪ್ಟೆಂಬರಿನಲ್ಲಿ ಜೆಡ್ಡಾ ಬಳಿ ಕೇಬಲ್ ತುಂಡಾದಾಗ ಇಲ್ಲಿ ನಾವು ರೌಟರ್ ಆಫ್ ಮಾಡಿ ಆನ್ ಮಾಡುತ್ತಿದ್ದೆವು.

ಸರ್ಕಾರವೂ ಸುಮ್ಮನಿಲ್ಲ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2004ರಲ್ಲಿ 256 ಕೆಬಿಪಿಎಸ್ ಸಾಕಿತ್ತು, 2013ರಲ್ಲಿ 512 ಆಯಿತು, 2023ರಲ್ಲಿ 2 ಎಂಬಿಪಿಎಸ್ ಆಯಿತು. ‘ಎಷ್ಟು’ ಎನ್ನುವುದು ಹೀಗೆ ಬೆಳೆಯಿತು. ‘ಎಲ್ಲಿಯವರೆಗೆ’ ಎನ್ನುವುದು ಮಾತ್ರ ಬೆಳೆಯಲಿಲ್ಲ.

ಹಾಗಾಗಿ ಒಂದು ವಿನಂತಿ. ನಮ್ಮ ಕೆಂಪು ಬಸ್ಸನ್ನು ನೋಡಿ ಕಲಿಯಿರಿ. ಅದು ಜೋರಾಗಿ ಓಡುತ್ತದೆಂದು ಯಾವತ್ತೂ ಕೊಚ್ಚಿಕೊಂಡಿಲ್ಲ, ಆದರೆ ಎಲ್ಲಿಯವರೆಗೆ ಎಂಬುದನ್ನು ಹಣೆಯ ಮೇಲೆ ಬರೆದುಕೊಂಡೇ ಹೊರಡುತ್ತದೆ. ಮಂಡ್ಯದವರೆಗಿನ ಬಸ್ಸಿಗೆ ಬೆಂಗಳೂರಿನ ಟಿಕೆಟ್ ಹರಿದ ಕಂಡಕ್ಟರನ್ನು ಪ್ರಯಾಣಿಕರು ಬಿಟ್ಟಾರೆಯೇ? ತಾವೂ ಹಣೆಯ ಮೇಲೆ ಬರೆದುಕೊಳ್ಳಿ: ರಾತ್ರಿ ಒಂಬತ್ತಕ್ಕೆ ಬೆಂಗಳೂರಿಗೆ ಇಷ್ಟು, ಸಿಂಗಪುರಕ್ಕೆ ಇಷ್ಟು, ನ್ಯೂಯಾರ್ಕಿಗೆ ಇಷ್ಟು. ಹತ್ತುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ.

ಇಂತಿ ತಮ್ಮ ವಿಧೇಯ,
ಮರಕ್ಕಾಗಿ ಕಾಯುತ್ತಿರುವ ಅಜ್ಜ

ತಾ.ಕ.: ಈ ತಿಂಗಳ ಬಿಲ್ಲು ಬಂದಿದೆ. ಹಣ ಜೇಬಿನಲ್ಲಿಟ್ಟುಕೊಂಡು ನಮ್ಮ ಬೀದಿಯ ತಿರುವಿನವರೆಗೆ ಬಹಳ ವೇಗವಾಗಿ ಹೋಗಿ ಬಂದಿದ್ದೇನೆ. ನನ್ನ ಕಡೆ ಎಲ್ಲಾ ಕ್ಲಿಯರ್ ಇದೆ. ಅದರಾಚೆ ನನ್ನ ವ್ಯಾಪ್ತಿಗೆ ಬರಲ್ಲ.