ದಾಸೋಜ, ಚಾವಣ ಮತ್ತು ಸ್ಟೆಪ್ನಿ

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪೀರಿಯಡ್ ಎನ್ನುವುದು ಊರ ಗೋಮಾಳವಿದ್ದ ಹಾಗೆ. ಯಾರು ಬೇಕಾದರೂ ಒತ್ತುವರಿ ಮಾಡಬಹುದು. ಪೋರ್ಷನ್ ಮುಗಿಯದ ಗಣಿತದವರು ಒಂದಿಷ್ಟು, ಪರೀಕ್ಷೆ ಹತ್ತಿರ ಬಂತೆಂದು ಇಂಗ್ಲಿಷಿನವರು ಒಂದಿಷ್ಟು, ಕಬಡ್ಡಿ ಸೆಲೆಕ್ಷನ್ ಇದೆಯೆಂದು ಪಿ.ಟಿ. ಮೇಷ್ಟ್ರು ಮಿಕ್ಕಿದ್ದಷ್ಟು. ನನ್ನ ಪಾಲಿಗೆ ಉಳಿಯುತ್ತಿದ್ದುದು ವಾರ್ಷಿಕೋತ್ಸವದ ಪರದೆ ಮತ್ತು ಹೆಡ್‌ಮಾಸ್ಟರ ಕೋಣೆಯ ಬೋರ್ಡಿನಲ್ಲಿ ವರ್ಷಾವರ್ಷ ಅಳಿಸಿ ಬರೆಯಬೇಕಾದ ಫಲಿತಾಂಶದ ಅಂಕಿ. ಆ ಪರದೆಗಳ ಕೆಳಗೆ ನನ್ನ ಹೆಸರು ಬರೆದವನಲ್ಲ. ಬರೆದಿದ್ದರೂ ನಾಟಕದ ಹುಡುಗರು ಅದರ ಮುಂದೆಯೇ ನಿಲ್ಲುತ್ತಿದ್ದರು.

ಮಗಳು ನನಗಿಂತ ಮುಂದೆ ಹೋಗಿದ್ದಾಳೆ. ಬೆಂಗಳೂರಿನಲ್ಲಿ ಕಾರ್ಟೂನು ಚಿತ್ರಗಳ ಕಂಪನಿಯಲ್ಲಿ ಕೆಲಸ. ಯಾವುದೋ ದೇಶದವರ ಸಿನಿಮಾದಲ್ಲಿ ಬರುವ ಕರಡಿಯ ಎಡಗಿವಿ ಅಲ್ಲಾಡಿಸುವುದು ಅವಳ ಜವಾಬ್ದಾರಿ. ಬಲಗಿವಿ ಬೇರೆಯವರದು. ಸಿನಿಮಾ ಮುಗಿದ ಮೇಲೆ ಇವಳ ಹೆಸರು ಬರುತ್ತದಂತೆ. ಅಷ್ಟು ಹೊತ್ತಿಗೆ ಥಿಯೇಟರಿನಲ್ಲಿ ಕಸ ಗುಡಿಸುವವರು ಬಿಟ್ಟರೆ ಯಾರೂ ಇರುವುದಿಲ್ಲ.

ಈ ಯೋಜನೆ ಅವಳದೇ. "ಅಪ್ಪ, ಬೇಲೂರಿನ ಮದನಿಕೆಗಳಲ್ಲಿ ಅಪ್ಪ ಕೆತ್ತಿದ್ದು ಕೆಲವು, ಮಗ ಕೆತ್ತಿದ್ದು ಕೆಲವು ಇವೆಯಂತೆ. ಅಪ್ಪಂದು ನೀನು ಬರಿ, ಮಗಂದು ನಾನು ಬರೀತೀನಿ. ಕ್ಯಾಲೆಂಡರ್ ಮಾಡೋಣ" ಎಂದಳು ಫೋನಿನಲ್ಲಿ. ವಿಷಯ ನಿಜ. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ, ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದವರು. ಮದನಿಕೆಗಳ ಪೀಠದಲ್ಲಿ ತಮ್ಮ ಹೆಸರು ಕೊರೆದವರು. ಜಕಣಾಚಾರಿ–ಡಂಕಣರ ಕಥೆ ನಾಡಿಗೆಲ್ಲ ಗೊತ್ತು. ಆದರೆ ಅವರ ಹೆಸರು ಅಲ್ಲಿಯ ಕಲ್ಲಿನಲ್ಲಿಲ್ಲ. ಕಲ್ಲಿನಲ್ಲಿ ಹೆಸರಿರುವ ಅಪ್ಪ–ಮಗನ ಕಥೆ ಯಾರಿಗೂ ಗೊತ್ತಿಲ್ಲ.

ನನಗೆ ಒಂದೇ ಅಳುಕು. ಆ ಪ್ರಸಿದ್ಧ ಕಥೆಯಲ್ಲಿ ಮಗ ಬಂದು, ವಿಗ್ರಹಕ್ಕೆಲ್ಲ ಗಂಧ ಬಳಿಸಿ, ಹೊಕ್ಕುಳ ಬಳಿ ಮಾತ್ರ ಅದು ಒಣಗದ್ದನ್ನು ತೋರಿಸಿ, ಕಲ್ಲೊಳಗಿನ ಕಪ್ಪೆಯನ್ನು ಈಚೆಗೆ ತೆಗೆಯುತ್ತಾನೆ. ಅಪ್ಪ ಕೈ ಕಡಿದುಕೊಳ್ಳುತ್ತಾನೆ. ನನ್ನ ಮಗಳಿಗೆ ಕಪ್ಪೆ ಹಿಡಿಯಲು ಗಂಧವೂ ಬೇಡ. ಪಿ.ಯು.ಸಿ. ಓದುವಾಗಲೇ, ನಾನು ಬರೆದ ಸರಸ್ವತಿಗೆ ಆರು ಬೆರಳಿರುವುದನ್ನು ನೆಂಟರ ಮುಂದೆ ಎಣಿಸಿ ತೋರಿಸಿದವಳು.

"ನೀನೂ ಬರ್ತೀಯೇನೇ ಅಂತ ಕೇಳೋಕೂ ಹೋಗಬೇಡಿ" ಎಂದಳು ನನ್ನವಳು, ಚಿತ್ರಾನ್ನದ ಡಬ್ಬಿ ಮುಚ್ಚುತ್ತಾ. "ಕಲ್ಲು ನೋಡೋಕೆ ಅಷ್ಟು ದೂರ ಯಾಕೆ? ಮೂವತ್ತು ವರ್ಷದಿಂದ ಮನೇಲೇ ನೋಡ್ತಿದೀನಿ."

ತಿಪಟೂರಿನಿಂದ ನಮ್ಮ ಹಳೆಯ ಮಾರುತಿ 800ರಲ್ಲಿ ಹೊರಟೆವು. ದಾರಿಯ ಸಣ್ಣ ಗುಡಿಗಳಲ್ಲಿ ಕೈ ಪಳಗಿಸಿಕೊಂಡು ಬೇಲೂರಿಗೆ ಹೋಗುವುದೆಂದು ಲೆಕ್ಕ. ಮೊದಲ ಗುಡಿಗೆ ಬೀಗ. ಬೀಗದ ಕೈ ಅಯ್ನೋರ ಹತ್ತಿರ, ಅಯ್ನೋರು ಮದುವೆ ಮನೆಯಲ್ಲಿ, ಮದುವೆ ಬೀರೂರಿನಲ್ಲಿ. "ಊಟ ಮುಗಿಸ್ಕೊಂಡು ಬರ್ತಾರೆ" ಎಂದ ಕಟ್ಟೆಯ ಮೇಲಿನ ಹಿರಿಯರು, ಸ್ವಲ್ಪ ಯೋಚಿಸಿ, "ಬೀಗರೂಟನೂ ಇರುತ್ತೆ" ಎಂದು ಸೇರಿಸಿದರು. ಮಗಳು ಬೀಗದ ಚಿತ್ರವನ್ನೇ ಬರೆದುಕೊಂಡಳು. ಚೆನ್ನಾಗಿಯೇ ಬಂತು.

ಅರಸೀಕೆರೆಯ ಈಶ್ವರ ದೇವಾಲಯದಲ್ಲಿ ಬಾಗಿಲಿನ ಗೊಡವೆಯಿಲ್ಲ. ಮುಂದಿನ ಮಂಟಪ ಬಯಲಿಗೆ ತೆರೆದಿದೆ, ಹದಿನಾರು ಮೂಲೆಯ ನಕ್ಷತ್ರದ ಆಕಾರ. ಹದಿನಾರು ಮೂಲೆಯನ್ನು ಪರ್ಸ್ಪೆಕ್ಟಿವ್ ಕೆಡದಂತೆ ಬರೆಯುವುದು ಏನೆಂದು ಬಲ್ಲವರೇ ಬಲ್ಲರು. ನಾನು ಒಂಬತ್ತನೆಯ ಮೂಲೆಗೆ ಬಂದಾಗ ಮಗಳು ಟ್ಯಾಬಿನ ಮೇಲೆ ಒಂದು ಮೂಲೆ ಬರೆದು, ಅದನ್ನೇ ಸುತ್ತ ತಿರುಗಿಸಿ, ಮುಗಿಸಿ, ಚಕ್ಕುಲಿ ತಿನ್ನುತ್ತಿದ್ದಳು. "ಇದು ಅನ್ಯಾಯ ಕಣೇ" ಎಂದೆ. "ನಿಂಗೆ ಹನ್ನೊಂದನೇದು ಸೊಟ್ಟ ಆಗುತ್ತೆ ನೋಡು" ಎಂದಳು. ಆಯಿತು.

ಜಾವಗಲ್ ದಾಟಿ ಹಳೇಬೀಡಿನ ಕಡೆ ಹೋಗುವಾಗ ಟೈರು ಪಂಚರ್ ಆಯಿತು. ಡಿಕ್ಕಿ ತೆಗೆದರೆ ಸ್ಟೆಪ್ನಿಯಲ್ಲಿ ಗಾಳಿಯಿಲ್ಲ. ಹೊರಡುವ ಮುಂಚೆ ನೋಡಬೇಕಾದ್ದು ಯಾರು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಬಳ್ಳಿಗಾವಿಯಿಂದ ಬೇಲೂರಿಗೆ ಬರುವಾಗ ದಾಸೋಜನಿಗೂ ಗಾಡಿಯ ಕೀಲು ಮುರಿದಿರಬಹುದು. ಆದರೆ ಎತ್ತಿಗೆ ಗಾಳಿ ಹಾಕಿಸುವ ಪ್ರಮೇಯವಂತೂ ಅವನಿಗೆ ಬರಲಿಲ್ಲ.

ಟ್ರ್ಯಾಕ್ಟರಿನವನೊಬ್ಬ ದಯೆ ತೋರಿ, ನಮ್ಮನ್ನೂ ಚಕ್ರವನ್ನೂ ಒಂದು ಪಂಚರ್ ಅಂಗಡಿಯ ಮುಂದೆ ಇಳಿಸಿದ. ತಗಡಿನ ಚಪ್ಪರ, ನೀರು ತುಂಬಿದ ಅರ್ಧ ಡ್ರಮ್ಮು, ಗಳಕ್ಕೆ ನೇತುಹಾಕಿದ ಹಳೆಯ ಟೈರು. ಅಂಗಡಿಯ ಹುಡುಗ ಟ್ಯೂಬನ್ನು ನೀರಿಗೆ ಅದ್ದಿ, ಇಂಚಿಂಚೇ ತಿರುಗಿಸುತ್ತಾ, ಗುಳ್ಳೆ ಎದ್ದ ಕಡೆ ಬೆರಳಿಟ್ಟು, ಒರೆಸಿ, ಸೀಸದ ಕಡ್ಡಿಯಿಂದ ಸುತ್ತಲೂ ಗುರುತು ಹಾಕಿದ. ನೋಡದೇ ಹಾಕಿದ ಆ ವೃತ್ತ ಎಷ್ಟು ದುಂಡಗಿತ್ತೆಂದರೆ, ಇವನು ನನ್ನ ಕ್ಲಾಸಿನಲ್ಲಿ ಇದ್ದಿರಲಾರ ಎಂದು ಖಾತ್ರಿಯಾಯಿತು. ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಒಣಗಿಸಿ, ಪ್ಯಾಚ್ ಅಂಟಿಸಿದ. ಆಮೇಲೆ ಕೈ ಕಟ್ಟಿ ಕುಳಿತ.

"ಗಾಳಿ?"

"ಕರೆಂಟಿಲ್ಲ ಸಾ. ಕಂಪ್ರೆಸರ್ ಓಡಲ್ಲ. ಮೂರಕ್ಕೆ ಬರ್ಬೌದು."

"ಕಾಲು ಪಂಪು?"

"ವಾಶರ್ ಹೋಗದೆ."

ಗಂಟೆ ಇನ್ನೂ ಹನ್ನೆರಡೂವರೆ. ಚಿತ್ರಾನ್ನವನ್ನು ಮೂರು ಜನ ಹಂಚಿಕೊಂಡು ತಿಂದೆವು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಸಂಗತಿಯನ್ನು ನಾನು ಅವನಿಗೆ ವಿವರಿಸಲು ಹೋದೆ. "ಗೊತ್ತು ಸಾ. ಅದಾದ್ಮೇಲೆ ಬೆಂಗಳೂರು ಗಾಡಿ ಜಾಸ್ತಿ, ಪಂಚರ್ರೂ ಜಾಸ್ತಿ" ಎಂದ. ಯುನೆಸ್ಕೊದಿಂದ ಹಳ್ಳಿಗೇನು ಲಾಭ ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆಗ ಅವನ ಕಣ್ಣು ನನ್ನ ಬ್ರಷ್ಷಿನ ಡಬ್ಬಿಯ ಮೇಲೆ ಬಿತ್ತು. ಅಂಗಡಿಯ ಬೋರ್ಡು ಬಿಸಿಲಿಗೆ ಮಾಸಿ 'ಪಂ' ಒಂದೇ ಉಳಿದಿತ್ತು. ಹೋಗುವವರು ಪಂಚಾಯ್ತಿ ಆಫೀಸೆಂದು ಅರ್ಜಿ ಹಿಡಿದು ಬರುತ್ತಾರಂತೆ. "ಬರ್ಕೊಡಿ ಸಾ. ಪಂಚರ್ ದುಡ್ಡು ಬೇಡ." ಕಿಟಕಿಗೆ ಹೊಡೆದು ಮಿಕ್ಕ ಎನಾಮೆಲ್ ಬಣ್ಣ ಅವನ ಮನೆಯಲ್ಲಿತ್ತು, ನೀಲಿ ಮತ್ತು ಕೆಂಪು.

ಮಗಳಿಗೆ ಉತ್ಸಾಹ ಏರಿತು. ಟ್ಯಾಬಿನಲ್ಲಿ ಗೀಚಿ ತೋರಿಸಿದಳು: ದರ್ಪಣಸುಂದರಿ, ಕೈಯಲ್ಲಿ ಕನ್ನಡಿಯ ಬದಲು ವೀಲ್ ಪಾನಾ. ನನಗೆ ಬಹಳ ಹಿಡಿಸಿತು. ಹುಡುಗ ಹಿಂದೆ ಸರಿದ. "ಹೆಣ್ಮಕ್ಳು ಚಿತ್ರ ಬ್ಯಾಡಿ ಸಾ, ನಮ್ಮವ್ವ ಒಳೀಕ್ ಸೇರ್ಸಲ್ಲ. ಹುಲಿ ಬರೀರಿ." ಹುಲಿ ಬಂದ ಮೇಲೆ ಸಳ ಬರದೆ ಇರುತ್ತಾನೆಯೇ? ಹುಲಿ ನನ್ನದು, ಸಳ ಅವಳದು ಎಂದು ತೀರ್ಮಾನವಾಯಿತು. ಸಳನ ಕೈಗೆ ಕಠಾರಿಯ ಬದಲು ಜಾಕಿಯ ರಾಡು ಕೊಟ್ಟಳು. "ಅಪ್ಪ, ನಿನ್ನ ಹುಲಿ ನಗ್ತಿದೆ" ಎಂದಳು. "ನಿನ್ನ ಸಳನ ಭಂಗಿ ನೋಡಿದ್ರೆ ಯಾರಿಗಾದ್ರೂ ನಗು ಬರುತ್ತೆ" ಎಂದೆ. ಅಕ್ಷರಕ್ಕೆ ಅವಳು ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ನಾನು ಬಣ್ಣ ತುಂಬಿದೆ. ಗಣಿತದವರು ಬರಲಿಲ್ಲ, ಇಂಗ್ಲಿಷಿನವರು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಪೀರಿಯಡ್ ಗಂಟೆ ಹೊಡೆಯದೆ ನಡೆಯಿತು.

ಕೊನೆಗೆ ಮೂಲೆಯಲ್ಲಿ ಸಹಿ. ಚಾವಣನ ಸಹಿಯಲ್ಲಿ ದಾಸೋಜನ ಮಗ ಎಂದಿದೆ ಎಂದು ನಾನು ಹೇಳಿದೆ, ಸುಮ್ಮನೆ ಮಾಹಿತಿಗಾಗಿ. ಮಗಳು ತನ್ನ ಹೆಸರು ಬರೆದು, ಮುಂದೆ 'ಮೇಷ್ಟ್ರ ಮಗಳು' ಎಂದು ಸೇರಿಸಿದಳು. ನಾನು ನನ್ನ ಹೆಸರಿನ ಮುಂದೆ 'ಹುಲಿ ಮಾತ್ರ' ಎಂದು ಬರೆದೆ. ಸಳನ ಮಂಡಿಯ ಹೊಣೆ ನನ್ನದಲ್ಲ.

ಕರೆಂಟು ಬಂದದ್ದು ನಾಲ್ಕಕ್ಕೆ, ಟ್ಯೂಬಿಗೂ ಸ್ಟೆಪ್ನಿಗೂ ಗಾಳಿ ತುಂಬುವಷ್ಟು ಹೊತ್ತು. ಹಳೇಬೀಡಿನಲ್ಲಿ ಮ್ಯೂಸಿಯಮ್ಮಿಗೆ ಅಂದು ರಜ. ಬೇಲೂರಿನ ಲಾಡ್ಜ್ ಸೇರಿ ಚೀಲ ತೆಗೆದಾಗ ಗೊತ್ತಾಯಿತು: ಚಾರ್ಜರು ಪಂಚರ್ ಅಂಗಡಿಯ ಗೋಡೆಯಲ್ಲೇ ಇದೆ, ಟ್ಯಾಬಿನ ಬ್ಯಾಟರಿಯನ್ನು ಸಳ ಮಹಾರಾಜ ಕುಡಿದು ಮುಗಿಸಿದ್ದಾನೆ.

ಹೀಗಾಗಿ ಮಾರನೆಯ ಬೆಳಿಗ್ಗೆ ಚಾವಣನ ಮದನಿಕೆಯ ಕೆಳಗೆ ಮಗಳು ಕುಳಿತದ್ದು ನನ್ನ ಪೆನ್ಸಿಲು, ನನ್ನ ಹಾಳೆಯೊಂದಿಗೆ. ಮದನಿಕೆಗಳು ಇರುವುದು ಮೇಲೆ, ಚಾವಣಿಯ ಅಂಚಿನ ಕೆಳಗೆ. ಒಂದು ಗೆರೆಗೆ ಒಂದು ಸಲ ಕತ್ತು ಎತ್ತಬೇಕು. ಎತ್ತಿದ ಕತ್ತು ನನ್ನ ವಯಸ್ಸಿನಲ್ಲಿ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಪಕ್ಕದಲ್ಲಿ ಏನೋ ಟಕ್ ಟಕ್ ಸದ್ದು. ನೋಡಿದರೆ ಮಗಳು ಎರಡು ಬೆರಳಿನಿಂದ ಹಾಳೆ ತಟ್ಟುತ್ತಿದ್ದಾಳೆ. ಟ್ಯಾಬಿನಲ್ಲಿ ಹಾಗೆ ತಟ್ಟಿದರೆ ತಪ್ಪಿದ ಗೆರೆ ತಾನೇ ಮಾಯವಾಗುತ್ತದಂತೆ. ಮಾತಾಡದೆ ರಬ್ಬರು ಕೊಟ್ಟೆ. ಹತ್ತು ನಿಮಿಷ ಬಿಟ್ಟು ನನ್ನ ಹಾಳೆಯತ್ತ ಬಗ್ಗಿ, "ಬೆರಳು ಐದೇ ಇದೆ, ಪರವಾಗಿಲ್ಲ" ಎಂದಳು. ಅಷ್ಟರಲ್ಲಿ ಮಳೆ ಹನಿಯಿತು. ಎರಡು ಮದನಿಕೆಗಳೂ ಸೊಂಟದವರೆಗೆ ಮಾತ್ರ ಆಗಿವೆ.

ಕ್ಯಾಲೆಂಡರಿಗೆ ಹನ್ನೆರಡು ಚಿತ್ರ ಬೇಕು. ನಮ್ಮಲ್ಲಿರುವುದು ಒಂದು ಬೀಗ, ಎರಡು ಅರ್ಧ ಮದನಿಕೆ, ಹನ್ನೊಂದನೆಯ ಮೂಲೆ ಸೊಟ್ಟಗಿರುವ ಒಂದು ಮಂಟಪ. ಮಗಳ ಮಂಟಪವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಪೂರ್ತಿಯಾದ ಕೃತಿಯೆಂದರೆ ಆ ಬೋರ್ಡೊಂದೇ. ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವವರು ಎಡಗಡೆ ಕಣ್ಣಿಟ್ಟಿರಿ, ನೀಲಿ ಅಕ್ಷರ, ಕೆಂಪು ಹುಲಿ. ಮ್ಯೂಸಿಯಂ ನೋಡುವ ಆಸೆಯಿದ್ದರೆ ಶುಕ್ರವಾರ ಬಿಟ್ಟು ಹೋಗಿ. ಸ್ಟೆಪ್ನಿಯ ಗಾಳಿ ಮನೆಯಲ್ಲೇ ನೋಡಿಸಿಕೊಳ್ಳಿ. ಅಲ್ಲೇ ಹಾಕಿಸುವುದಾದರೆ ನಮ್ಮ ಹೆಸರು ಹೇಳಬೇಡಿ. ಹುಡುಗ ನಿಮ್ಮ ಕೈಯಲ್ಲೂ ಏನಾದರೂ ಬರೆಸಿಕೊಳ್ಳುತ್ತಾನೆ.