ಬುತ್ತಿ ತುಂಬ ಹೋಳಿಗೆ, ಸಣ್ಣಪ್ಪನಿಗೆ ಸಕ್ರಿ ಕಮ್ಮಿ

ಎಳ್ಳಮಾಸಿ ಬಂತಂದ್ರೆ ನಮ್ಮ ಮಲ್ಲಟದ ಕಡೆ ಮನೆಗಳಿಗೆ ಬೀಗ, ಮಂದಿಯೆಲ್ಲ ಹೊಲದಲ್ಲಿ. ತಾಲೂಕು ಮಾನ್ವಿ ಹೋಗಿ ಸಿರವಾರ ಆಯ್ತು, ಬಂಡಿ ಹೋಗಿ ಟ್ರ್ಯಾಕ್ಟರ್ ಬಂತು, ಹೊಲಕ್ಕೆ ನೈವೇದ್ಯದ ಚರಗ ಚೆಲ್ಲೋದು ಮಾತ್ರ ಹಾಗೇ ಉಳಿದಿದೆ ನೋಡ್ರಿ. ಬುತ್ತಿಯಲ್ಲಿ ಏನುಂಟು ಏನಿಲ್ಲ! ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೇಲೆ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕರ್ಚಿಕಾಯಿ. ಇಷ್ಟು ಸಿಹಿ ಹೊತ್ತುಕೊಂಡು ಹೋದವರಲ್ಲಿ ಒಬ್ಬರಿಗೆ ಸಕ್ರಿ ಇಳೀತು ಅಂದ್ರೆ ಯಾರಾದ್ರೂ ನಂಬ್ತಾರಾ?

ಆದ್ರೆ ಅದು ಇಳಿಯೋದೇ ಇಂಥ ದಿನ. ನಮ್ಮ ಸಣ್ಣಪ್ಪ ನುಂಗೋದು ಗ್ಲಿಮೆಪಿರೈಡ್ ಅನ್ನೋ ಮಾತ್ರೆ. ಅದಕ್ಕೆ ಹಬ್ಬ ಗೊತ್ತಿಲ್ಲ, ಅಮಾಸಿ ಗೊತ್ತಿಲ್ಲ. ಊಟ ಬರಲಿ ಬಿಡಲಿ, ತನ್ನ ಪಾಡಿಗೆ ಸಕ್ರಿ ಇಳಿಸ್ತಾ ಕೂರುತ್ತೆ. ಬರೀ ಮೆಟ್‌ಫಾರ್ಮಿನ್ ನುಂಗೋರಿಗೆ ಈ ತಾಪತ್ರಯ ಅಪರೂಪ. ಬೆಳಿಗ್ಗೆ ಮಾತ್ರೆ, ಅರ್ಧ ಕಪ್ಪು ಚಾ, ಗಡಿಬಿಡಿಯಲ್ಲಿ ನಾಷ್ಟಾಕ್ಕೆ ಚಕ್ಕರ್. ಆಮೇಲೆ ಹೊಲದ ಬದುವಿನ ಮೇಲೆ ಒಂದು ಸುತ್ತು ನಡಿಗೆ. ಊಟ ಅಂತೀರಾ? ಐದು ಕಲ್ಲಿಗೆ ಪೂಜೆ ಆಗಬೇಕು, ನೈವೇದ್ಯ ಆಗಬೇಕು, ಹೊಲದ ತುಂಬ ಚರಗ ಚೆಲ್ಲಬೇಕು. ಅಲ್ಲಿವರೆಗೂ ಬುತ್ತಿಗೆ ಕೈ ಹಾಕೋ ಹಾಗಿಲ್ಲ.

ನಮ್ಮ ಅಜ್ಜಿ ಇದ್ದಾಗಂತೂ ಬುತ್ತಿ ಕಡೆ ನೋಡಿದ್ರೂ ಕೈಗೆ ಏಟು. ಆ ಐದು ಕಲ್ಲು ಅಂದ್ರೆ ಪಾಂಡವರು, ಅವರಿಗಿಂತ ಮೊದಲು ತಿಂದ್ರೆ ಮುನಿಸ್ಕೊಳ್ತಾರೆ ಅನ್ನೋಳು. ಹನ್ನೆರಡು ವರ್ಷ ಅಡವಿಯಲ್ಲಿ ಅಲೆದವರು, ಹಸಿವು ಅಂದ್ರೆ ಏನಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ್ಯಾಕೆ ಮುನಿಸ್ಕೊಳ್ತಾರೆ, ಅಲ್ವಾ? ನಾವು ಹುಡುಗರು ಕಡಲೆ ಹೊಲಕ್ಕೆ ನುಗ್ಗಿ ಸುಲಗಾಯಿ ತಿಂದು ಹೊಟ್ಟೆ ತುಂಬಿಸ್ಕೊಳ್ತಿದ್ವಿ. ಗಿಡ ಕಿತ್ತ ಬೆರಳು ನೆಕ್ಕಿದ್ರೆ ಹುಳಿಹುಳಿ. ಅದಕ್ಕೆ ಪಾಂಡವರ ಆಕ್ಷೇಪಣೆ ಇರಲಿಲ್ಲ, ಅಜ್ಜಿದೂ ಇರಲಿಲ್ಲ.

ಇರಲಿ, ಸಣ್ಣಪ್ಪನ ವಿಷಯ. ಪೂಜೆಗೆ ಅಣಿ ಮಾಡೋ ಹೊತ್ತಿಗೆ ಅವರು ಜಗಳ ತೆಗೆದ್ರು. ಟ್ರ್ಯಾಕ್ಟರ್ ನೆರಳಿಗೆ ಯಾಕೆ ನಿಲ್ಲಿಸಿಲ್ಲ, ತೆಂಗಿನಕಾಯಿ ಯಾಕೆ ಎರಡೇ ತಂದ್ರಿ... ಅವರ ಸ್ವಭಾವವೇ ಹಾಗೆ ಅಂತ ನಾವ್ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಸಣ್ಣವ್ವ ಮಾತ್ರ ಸುಮ್ಮನೆ ಎದ್ದು ಬಂದು ಗಂಡನ ಕತ್ತಿನ ಹಿಂದೆ ಕೈ ಇಟ್ಟಳು. ಚಳಿಗಾಲದಲ್ಲಿ ಅಂಗಿ ಕಾಲರ್ ತೊಪ್ಪೆ! ಬೆವರು, ಕೈ ನಡುಕ, ಕಾರಣವಿಲ್ಲದ ಸಿಟ್ಟು. ಸಿಟ್ಟನ್ನೂ ಲಕ್ಷಣ ಅಂತ ಲೆಕ್ಕಕ್ಕೆ ಹಿಡಿಯೋದು ಹೆಂಡತಿಗೆ ಮಾತ್ರ ಸಾಧ್ಯ ಏನೋಪ.

ಚೀಲದಿಂದ ಮಷಿನ್ ತೆಗೆದು ಬೆರಳು ಚುಚ್ಚಿದ್ರೆ ಏನು ತೋರಿಸ್ತು ಗೊತ್ತಾ? 248! ಎಲ್ಲರೂ ಬೆಪ್ಪು. ಸಕ್ರಿ ಏರಿದೆ, ಇನ್ಸುಲಿನ್ ಚುಚ್ಚಿಸಬೇಕು ಅಂತ ಒಬ್ಬ ಪಂಡಿತ ಶುರುಮಾಡಿಯೂ ಬಿಟ್ಟ. ಸಣ್ಣವ್ವ ಅವರ ಬೆರಳು ನೋಡಿದಳು. ಆಗಷ್ಟೇ ನೈವೇದ್ಯದ ಎಲೆಗೆ ಹೋಳಿಗೆ ಜೋಡಿಸಿದ ಬೆರಳು, ಬೆಲ್ಲದ ಅಂಟು ಹಾಗೇ ಇದೆ. ಹನಿ ರಕ್ತದ ಜೊತೆ ಬೆಲ್ಲವನ್ನೂ ಅಳೆದಿದೆ ಆ ಮಷಿನ್. ಬಿಂದಿಗೆ ನೀರಲ್ಲಿ ಕೈ ತೊಳೆಸಿ, ಒರೆಸಿ, ಬೇರೆ ಬೆರಳು ಚುಚ್ಚಿದ್ರೆ 56. ಎಪ್ಪತ್ತಕ್ಕಿಂತ ಕೆಳಗಿಳಿದ್ರೇ ಲೋ ಅಂತಾರಲ್ಲ, ಇದು ಇನ್ನೂ ಕೆಳಗೆ.

ಮೊಮ್ಮಗಳು ಪಾಪ, ಶೇಂಗಾ ಹೋಳಿಗೆ ಹಿಡ್ಕೊಂಡು ಓಡಿ ಬಂದಳು. ನಾನೂ ಅದನ್ನೇ ಕೊಡ್ತಿದ್ದೆ ಅನ್ನಿ. ಆದ್ರೆ ಶೇಂಗಾ, ಎಳ್ಳು ಎಲ್ಲ ಎಣ್ಣೆ ಕಾಳು. ಆ ಜಿಡ್ಡು ಹೊಟ್ಟೆಯಲ್ಲಿ ಕೂತು ಸಿಹಿ ರಕ್ತಕ್ಕೆ ಇಳಿಯೋದನ್ನ ತಡ ಮಾಡುತ್ತೆ. ಚಾಕಲೇಟಿನ ಹಣೆಬರಹವೂ ಅದೇ. ಸಣ್ಣವ್ವ ಸೆರಗಿನ ಗಂಟು ಬಿಚ್ಚಿದ್ರೆ ಕಾಗದದ ಪೊಟ್ಟಣ, ಅದರಲ್ಲಿ ಮೂರು ಚಮಚ ಬರೀ ಸಕ್ರಿ. ಹದಿನೈದು ಗ್ರಾಮಿನ ಲೆಕ್ಕ ಅದು. ನೀರಲ್ಲಿ ಕದಡಿ ಕುಡಿಸಿ ಹದಿನೈದು ನಿಮಿಷ ಕಾಯೋದು, ಮತ್ತೆ ಚುಚ್ಚೋದು. ಎಚ್ಚರ ಇದ್ದವರಿಗೆ ಮಾತ್ರ ಈ ಉಪಾಯ. ಎಚ್ಚರ ತಪ್ಪಿದವರ ಬಾಯಿಗೆ ನೀರು ಸುರಿಯೋ ಚಟ ನಮ್ಮ ಜನಕ್ಕೆ ಎಲ್ಲಿಂದ ಬಂತೋ, ಉಸಿರಿನ ದಾರಿಗೆ ಇಳಿದ್ರೆ ಏನು ಗತಿ? ಅಂಥವರನ್ನ ಮಗ್ಗಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡೋದೇ.

ಆ ಹದಿನೈದು ನಿಮಿಷ ಇದೆಯಲ್ಲ, ಅದು ಬಲು ಉದ್ದ. ಎಲ್ಲರೂ ಸುತ್ತ ಕೂತು ಸಣ್ಣಪ್ಪನ ಮುಖವನ್ನೇ ನೋಡೋದು, ಅವರು ನಮ್ಮ ಮುಖ ನೋಡೋದು. ಎರಡನೇ ಸಲ 88 ಬಂತು. ಸಣ್ಣವ್ವ ಪೂಜೆ ಗೀಜೆ ಏನೂ ಕಾಯಲಿಲ್ಲ, ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ ಪುಂಡಿಪಲ್ಯ ಗಂಡನ ಮುಂದಿಟ್ಟಳು. ಸಕ್ರಿ ನೀರು ಏರಿಸುತ್ತೆ, ಏರಿದ್ದು ನಿಲ್ಲಬೇಕಾದ್ರೆ ರೊಟ್ಟಿ ಬೇಕಲ್ರಿ. ಪಾಂಡವರು ತುಟಿ ಪಿಟಕ್ ಅನ್ನಲಿಲ್ಲ.

ಆದ್ರೆ ಸಣ್ಣಪ್ಪನಿಗೆ ಅಂದಿನಿಂದ ಒಂದು ಹೊಸ ವಿದ್ಯೆ ಸಿಕ್ಕಿದೆ. ಮದುವೆ, ಮುಂಜಿ, ಜಾತ್ರೆ ಎಲ್ಲೇ ಹೋಗಲಿ, ಹೋಳಿಗೆ ಕಂಡ ಕೂಡಲೇ "ಯಾಕೋ ಲೋ ಆದಂಗ ಆಗಾಕತ್ತೈತಿ" ಅಂತಾರೆ. "ತಡೀರಿ, ಮಷಿನ್ ತರ್ತೀನಿ, ಕೈ ತೊಕ್ಕೊಂಡು ಬರ್ರಿ" ಅಂತ ಸಣ್ಣವ್ವ ಎದ್ದಳೋ, ಇಳಿದ ಸಕ್ರಿ ತಾನೇ ಏರಿಬಿಡುತ್ತೆ.