ನಮ್ಮ ತಾಲೂಕಿಗೂ ಒಂದು ಓವರ್‌ವ್ಯೂ ಕೊಡಿ

ಇವರಿಂದ,
ಒಬ್ಬ ರೈತ ಹಾಗೂ ಅಂತರಿಕ್ಷ ಪೈಲಟ್,
ಕುಂದಗೋಳ, ಧಾರವಾಡ ಜಿಲ್ಲೆ.

ಇವರಿಗೆ,
ಪರದೆ ವಿನ್ಯಾಸ ನೋಡಿಕೊಳ್ಳುವ ಹಿರಿಯರು,
‘ಈವ್ ಆನ್‌ಲೈನ್’ ಆಟದ ಕಂಪನಿ,
ರೇಕ್ಯಾವಿಕ್, ಐಸ್‌ಲ್ಯಾಂಡ್.

ವಿಷಯ: ಕಣ್ಣಿಗೆ ಏನು ಕಾಣಬೇಕು, ಏನು ಕಾಣಬಾರದು ಎಂದು ಟಿಕ್ ಹಾಕಿ ಗೊತ್ತುಮಾಡುವ ಸೌಲಭ್ಯವನ್ನು ಅದರ ಎಲ್ಲ ನಿಯಮಗಳ ಸಮೇತ ನಮ್ಮ ತಾಲೂಕಿಗೂ ವಿಸ್ತರಿಸುವ ಕುರಿತು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಹಗಲು ಎರಿ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದು, ಕರೆಂಟ್ ಇದ್ದ ರಾತ್ರಿ ತಮ್ಮ ಆಕಾಶದಲ್ಲಿ ಹಡಗು ಹೊಡೆಯುವ ನಮ್ಮಂಥವರೂ ಈ ಭೂಮಿಯ ಮೇಲೆ ಇದ್ದೇವೆ. ತಮ್ಮ ದೇಶದ ಮಂದಿಯನ್ನೆಲ್ಲ ಸೇರಿಸಿದರೂ ನಾಲ್ಕು ಲಕ್ಷದ ಆಸುಪಾಸು. 2011ರ ಜನಗಣತಿಯಂತೆ ನಮ್ಮ ಪಕ್ಕದ ಹುಬ್ಬಳ್ಳಿ-ಧಾರವಾಡ ಒಂದರಲ್ಲೇ 9 ಲಕ್ಷದ ಮೇಲಿತ್ತು. ಅಷ್ಟು ಸಣ್ಣ ನಾಡಿನವರು 1997ರಲ್ಲಿ ಕಂಪನಿ ಕಟ್ಟಿದಿರಿ. ಕೈಯಲ್ಲಿ ರೊಕ್ಕ ಇಲ್ಲದಾಗ ಮೊದಲು ಹಲಗೆಯ ಮೇಲೆ ಆಡುವ ಒಂದು ಆಟ ಮಾರಿ ಬಂಡವಾಳ ಹೊಂದಿಸಿದಿರಿ. 2003ರ ಮೇ ತಿಂಗಳಲ್ಲಿ ಬ್ರಹ್ಮಾಂಡವನ್ನೇ ಚಾಲೂ ಮಾಡಿದಿರಿ. ಇಂದು ಅದರಲ್ಲಿ 7,000ಕ್ಕೂ ಹೆಚ್ಚು ಸೌರಮಂಡಲಗಳಿವೆ. ತಮ್ಮ ಧೈರ್ಯಕ್ಕೆ ಮೊದಲು ಶರಣು.

ಹೊಸದಾಗಿ ಬಂದವನು ಅಲ್ಲಿ ನಕ್ಷತ್ರ, ನೀಹಾರಿಕೆ, ಸಿಡಿಲಿನಂಥ ಯುದ್ಧ ಕಾಣುತ್ತೇನೆ ಎಂದುಕೊಂಡಿರುತ್ತಾನೆ. ಪರದೆ ತೆರೆದರೆ ಕಾಣುವುದು ಕೋಷ್ಟಕ. ಬಲಕ್ಕೊಂದು ಪಟ್ಟಿ, ಎಡಕ್ಕೊಂದು ಪಟ್ಟಿ, ಕೆಳಗೆ ಮಾತಿನ ಕಿಟಕಿ, ಅದರ ಮೇಲೊಂದು ಲೆಕ್ಕದ ಕಿಟಕಿ. ‘ಬಾಹ್ಯಾಕಾಶದಲ್ಲಿ ಎಕ್ಸೆಲ್ ಹಾಳೆ’ ಎಂದು ಜಗತ್ತು ನಕ್ಕಿತು. ತಾವು ಸಿಟ್ಟಾಗಲಿಲ್ಲ. 2022ರಲ್ಲಿ ಮೈಕ್ರೋಸಾಫ್ಟ್ ಜತೆ ಕೈಜೋಡಿಸಿ ಆಟವನ್ನು ನಿಜವಾದ ಎಕ್ಸೆಲ್ಲಿಗೇ ಜೋಡಿಸುತ್ತೇವೆ ಎಂದು ಸಾರಿದಿರಿ. ಬೈಗುಳವನ್ನೇ ಬಿರುದು ಮಾಡಿಕೊಳ್ಳುವ ಈ ಕಲೆ ನಮ್ಮ ಪುಢಾರಿಗಳಿಗೆ ಮಾತ್ರ ಗೊತ್ತು ಎಂದು ಇಲ್ಲಿಯ ತನಕ ನಂಬಿದ್ದೆ.

ಕೋಷ್ಟಕ ಕಂಡು ನಾವು ಹೆದರುವವರಲ್ಲ. ನಾವು ಪಹಣಿಯ ಮಂದಿ. 9ನೇ ಕಾಲಂನಲ್ಲಿ ಒಡೆಯನ ಹೆಸರು, 11ರಲ್ಲಿ ಸಾಲ ಮತ್ತು ಋಣಭಾರ, ಮುಂದೆ ಸಾಗುವಳಿ ಮಾಡುವವ, ಬೆಳೆ. ಅಕ್ಷರ ಬಾರದ ಅಜ್ಜನೂ ಯಾವ ಕಾಲಂನಲ್ಲಿ ತನ್ನ ಜೀವ ಅಡಗಿದೆ ಎಂದು ಬೆರಳಿಟ್ಟು ತೋರಿಸುತ್ತಾನೆ. ತಮ್ಮ ಆಟ ಹುಟ್ಟುವ ಮೊದಲೇ ನಮ್ಮ ರಾಜ್ಯದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತ್ತು, ಅದೂ ಕನ್ನಡದಲ್ಲಿ. ಆದ್ದರಿಂದ ತಮ್ಮ ಪರದೆಯ ಓವರ್‌ವ್ಯೂ ಎಂಬ ಪಟ್ಟಿ ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟೇ: ಇದು ನಮ್ಮ ಪಹಣಿ, ಸ್ವಲ್ಪ ಮೇಲಕ್ಕೆ ಹಾರಿದೆ.

ಇದು ಬಹಿರಂಗ ಪತ್ರವಾದ್ದರಿಂದ, ಆಟ ಗೊತ್ತಿಲ್ಲದ ಓದುಗರಿಗೂ ನಡುವೆ ಎರಡು ಮಾತು ಹೇಳಬೇಕು. ಹಡಗಿನ ಸುತ್ತ ಗ್ರಹ, ಚಂದ್ರ, ಮಹಾದ್ವಾರ, ನಿಲ್ದಾಣ, ಕ್ಷುದ್ರಗ್ರಹ, ಒಡೆದ ಹಡಗಿನ ಅವಶೇಷ, ಗೆಳೆಯ, ವೈರಿ, ಅಪರಿಚಿತ ಎಲ್ಲ ಇರುತ್ತವೆ. ಎಲ್ಲವನ್ನೂ ತೋರಿಸಿದರೆ ಅಮಾವಾಸ್ಯೆ ಜಾತ್ರೆಯ ಗದ್ದಲ. ಅದಕ್ಕೆ ಪರದೆಯ ಬಲಬದಿ ಈ ಓವರ್‌ವ್ಯೂ. ಯಾವ ಜಾತಿಯ ವಸ್ತು ಪಟ್ಟಿಯಲ್ಲಿ ಬರಬೇಕು, ಯಾವುದು ಬೇಡ ಎಂದು ಒಂದೊಂದಕ್ಕೂ ಟಿಕ್ ಹಾಕಬಹುದು, ತೆಗೆಯಬಹುದು. ದೂರ, ಹೆಸರು, ವೇಗ, ಕೋನವೇಗ ಎಂಬ ಕಾಲಂಗಳನ್ನು ಬೇಕಾದ ಹಾಗೆ ಹಿಂದೆ ಮುಂದೆ ಸರಿಸಬಹುದು. ಯುದ್ಧಕ್ಕೊಂದು ಟ್ಯಾಬ್, ಗಣಿಗಾರಿಕೆಗೊಂದು ಟ್ಯಾಬ್, ಓಡಿಹೋಗಲಿಕ್ಕೆಂದೇ ಒಂದು ಟ್ಯಾಬ್: ಅದರಲ್ಲಿ ಮನುಷ್ಯರು ಯಾರೂ ಕಾಣುವುದಿಲ್ಲ, ಪಾರಾಗುವ ದಾರಿಗಳು ಮಾತ್ರ ಕಾಣುತ್ತವೆ. ಈ ಮೂರನೆಯ ಟ್ಯಾಬನ್ನು ನಮ್ಮಲ್ಲಿ ಚುನಾವಣೆ ಗೆದ್ದ ಮಾರನೆಯ ದಿನವೇ ಚಾಲೂ ಮಾಡುತ್ತಾರೆ.

ಇಷ್ಟಕ್ಕೆ ನಿಲ್ಲದೆ ತಾವು 2022ರಲ್ಲಿ ಫೋಟಾನ್ ಎಂಬ ಹೊಸ ಪರದೆಯನ್ನು ಪ್ರಯೋಗಕ್ಕೆ ಬಿಟ್ಟು, 2023ರಲ್ಲಿ ಎಲ್ಲರಿಗೂ ತೊಡಿಸಿದಿರಿ. ಕಿಟಕಿಯ ಪಾರದರ್ಶಕತೆಯನ್ನು ಎಳೆದು ಹೆಚ್ಚು ಕಡಿಮೆ ಮಾಡಬಹುದು. ಸಾಲುಗಳನ್ನು ಒತ್ತಿ ಒತ್ತಿ ಕೂರಿಸಬಹುದು. ಬಣ್ಣದ ಥೀಮ್ ಬದಲಿಸಬಹುದು. ಪಾರದರ್ಶಕತೆಗೆ ಒಂದು ಗುಂಡಿ ಇರಬಹುದು ಎಂಬ ಕಲ್ಪನೆಯೇ ನಮ್ಮ ಕಡೆಯ ಕಚೇರಿಗಳಿಗೆ ಹೊಸದು. ಅಲ್ಲಿ ಆ ಮಾತು ಗೋಡೆಯ ಮೇಲಿನ ಫಲಕದಲ್ಲಿ ಇರುತ್ತದೆ, ಎಳೆದರೆ ಸರಿಯುವುದಿಲ್ಲ.

ಆಟ ಆಡುವುದಕ್ಕಿಂತ ಪರದೆ ಹೊಂದಿಸುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ ಎಂದು ತಮ್ಮನ್ನು ಆಡಿಕೊಳ್ಳುವವರಿದ್ದಾರೆ. ಕುಂದಗೋಳದವರು ಆ ಪೈಕಿ ಅಲ್ಲ. ನಮ್ಮದು ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಂಥ ಶಿಷ್ಯರು ಅವರಿಂದ ಪಾಠ ಹೇಳಿಸಿಕೊಂಡರು. ಹಾಡಿಗಿಂತ ಮುಂಚೆ ತಂಬೂರಿ ಶ್ರುತಿಗೆ ಕೂಡಿಸುತ್ತ ಅರ್ಧ ತಾಸು ಕೂತವರನ್ನು ಇಲ್ಲಿ ಯಾರೂ ಎಬ್ಬಿಸುವುದಿಲ್ಲ. ಓವರ್‌ವ್ಯೂ ಹೊಂದಿಸುವುದೂ ಅಂಥದೇ ಕೆಲಸ. ಶ್ರುತಿ ತಪ್ಪಿದರೆ ಸಭೆಗೆ ಮುಂಚೆ ಗಾಯಕನ ಕಿವಿಗೇ ಹೊಡೆಯುತ್ತದೆ.

ನನ್ನ ಅರ್ಜಿಯ ತಿರುಳು ಇಲ್ಲೇ ಇದೆ. ತಮ್ಮ ಆಟದಲ್ಲಿ ಯಾವುದರ ಟಿಕ್ ತೆಗೆದರೂ ಅದು ಪಟ್ಟಿಯಿಂದ ಹೋಗುತ್ತದೆ, ಆಕಾಶದಿಂದ ಹೋಗುವುದಿಲ್ಲ. ಅಪರಿಚಿತರ ಹಡಗು ಕಣ್ಣಿಗೆ ಬೇಡ ಎಂದು ಟಿಕ್ ತೆಗೆದವನು ಪಟ್ಟಿ ಖಾಲಿ ಇದೆಯೆಂದು ಹಾಯಾಗಿ ಕಲ್ಲು ಅಗೆಯುತ್ತಿರುತ್ತಾನೆ. ಆ ಕಾಣದ ಹಡಗು ಪಕ್ಕಕ್ಕೇ ಬಂದು ಗುಂಡು ಹಾರಿಸುತ್ತದೆ. ಸುಡುವುದು ಯಾರ ಹಡಗು? ಟಿಕ್ ತೆಗೆದವನದ್ದೇ. ಎಂಥ ಸೊಗಸಾದ ನ್ಯಾಯ!

ತಮ್ಮಲ್ಲಿ ಈ ನ್ಯಾಯ ದೊಡ್ಡವರಿಗೂ ತಪ್ಪಿಲ್ಲ. 2014ರ ಜನವರಿ 27ರಂದು ಬಿ-ಆರ್5ಆರ್‌ಬಿ ಎಂಬ ಸೌರಮಂಡಲದಲ್ಲಿ ಹತ್ತಿದ ಯುದ್ಧ ಸುಮಾರು 21 ತಾಸು ನಡೆಯಿತು. 7,500ಕ್ಕೂ ಹೆಚ್ಚು ಆಟಗಾರರು ಸೇರಿದರು. ಟೈಟನ್ ಎಂಬ 75 ದೈತ್ಯ ಹಡಗುಗಳು ಬೂದಿಯಾದವು. ನಿಜವಾದ ರೊಕ್ಕದಲ್ಲಿ ಎಣಿಸಿದರೆ ಅಂದಾಜು 3 ಲಕ್ಷ ಡಾಲರ್ ಹಾನಿ ಎಂದರು. ಇಷ್ಟಕ್ಕೆಲ್ಲ ಕಾರಣವೇನು? ಆ ಮಂಡಲದ ಒಡೆತನಕ್ಕೆ ಕಟ್ಟಬೇಕಾದ ಹಣ ಕಟ್ಟುವುದು ತಪ್ಪಿಹೋಗಿತ್ತು. ಕಂತು ತಪ್ಪಿದರೆ ಏನಾಗುತ್ತದೆ ಎಂದು ಸೊಸೈಟಿ ಸಾಲ ತಂದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಕಂತು ನೋಡಿಕೊಳ್ಳದವರೇ ಹೆಚ್ಚು ಟೈಟನ್ ಕಳೆದುಕೊಂಡರು ಎಂಬ ಸಂಗತಿ ಮಾತ್ರ ನಮಗೆ ಹೊಸದು.

ನಮ್ಮಲ್ಲಿಯೂ ಓವರ್‌ವ್ಯೂ ಇದೆ, ತಾವು ತಪ್ಪು ತಿಳಿಯಬಾರದು. ವ್ಯತ್ಯಾಸ ಒಂದೇ: ಟಿಕ್ ತೆಗೆಯುವವನು ಒಬ್ಬ, ಗುಂಡು ತಿನ್ನುವವನು ಇನ್ನೊಬ್ಬ.

ಬೆಳೆಯದ್ದನ್ನೇ ತೆಗೆದುಕೊಳ್ಳಿ. ಹೊಲದಲ್ಲಿ ಇರುವುದು ಮೆಣಸಿನಕಾಯಿ. ದಾರಿಯಲ್ಲಿ ಹೋಗುವವನ ಕಣ್ಣಿಗೂ ಕೆಂಪಗೆ ಕಾಣುತ್ತದೆ, ಗಾಳಿ ಬೀಸಿದರೆ ಮೂಗಿಗೂ ಗೊತ್ತಾಗುತ್ತದೆ. ಬೆಳೆ ಸಮೀಕ್ಷೆಯ ಕಾಲಂನಲ್ಲಿ ಅದು ಗೋವಿನಜೋಳ ಎಂದು ಕೂತಿದ್ದರೆ, ಮೆಣಸಿನಕಾಯಿಗೆ ಕಟ್ಟಿದ ವಿಮೆಗೆ ಅದು ಹೊಂದುವುದಿಲ್ಲ, ಪರಿಹಾರ ಬರುವುದಿಲ್ಲ. 2020ರಿಂದ ರೈತರೇ ಮೊಬೈಲಿನಲ್ಲಿ ಫೋಟೋ ತೆಗೆದು ತಮ್ಮ ಬೆಳೆ ದಾಖಲಿಸುವ ಆ್ಯಪ್ ಕೊಟ್ಟಿದ್ದಾರೆ, ಒಳ್ಳೆಯದೇ. ಆದರೂ ಪರದೆಗೂ ಹೊಲಕ್ಕೂ ತಕರಾರು ಬಂದಾಗ ಗೆಲ್ಲುವುದು ಪರದೆ. ಮಳೆ ಹೋದದ್ದು ಮಾತ್ರ ಹೊಲದಲ್ಲೇ.

ಇನ್ನು ಚುನಾವಣೆ. ತಾವು ಆಟಗಾರರ ಮಾತು ಕೇಳಲಿಕ್ಕೆಂದು 2008ರಲ್ಲಿ ಒಂದು ಪರಿಷತ್ತು ಮಾಡಿದಿರಿ. ಆಟಗಾರರೇ ಮತ ಹಾಕಿ ಅದಕ್ಕೆ ಸದಸ್ಯರನ್ನು ಆರಿಸುತ್ತಾರೆ. ಅವರನ್ನು ಐಸ್‌ಲ್ಯಾಂಡಿಗೇ ಕರೆಸಿ ಕೂರಿಸಿ ಮಾತಾಡುತ್ತೀರಿ. ಇಲ್ಲದ ಊರಿಗೆ, ಇಲ್ಲದ ಹಡಗಿಗೆ ತಪ್ಪದೆ ಚುನಾವಣೆ! ನಮ್ಮ ರಾಜ್ಯದಲ್ಲಿ ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಮತ ಹಾಕಿದೆವು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರಗಳ ಗಡಿ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಕುರ್ಚಿ ಖಾಲಿ. ಯಾರೋ ಎಲ್ಲೋ ಕೂತು ‘ಜನಪ್ರತಿನಿಧಿ’ ಎಂಬ ಸಾಲಿನ ಟಿಕ್ ತೆಗೆದುಬಿಟ್ಟರು. ಪಟ್ಟಿ ಚೊಕ್ಕಟವಾಯಿತು, ಕಟ್ಟೆಯ ಮೇಲಿನ ಅರ್ಜಿಗಳು ಮಾತ್ರ ಹಾಗೇ ಉಳಿದವು.

ಬಣ್ಣದ ವಿಷಯದಲ್ಲೂ ತಮ್ಮಿಂದ ಕಲಿಯುವುದಿದೆ, ತಮಗೆ ಕಲಿಸುವುದೂ ಇದೆ. ತಮ್ಮಲ್ಲಿ ಗೆಳೆಯ ನೀಲಿ, ವೈರಿ ಕೆಂಪು. ಒಬ್ಬನೇ ಮನುಷ್ಯ ನಮ್ಮ ದಂಡಿನವನೂ ಆಗಿ, ಹಳೆಯ ವೈರಿಯೂ ಆಗಿದ್ದರೆ ಯಾವ ಬಣ್ಣ ಮೇಲೆ ಕಾಣಬೇಕು ಎಂಬ ಸರದಿಯನ್ನೂ ಆಟಗಾರ ತಾನೇ ಜೋಡಿಸಬಹುದು. ನಮ್ಮ ಊರುಗಳಲ್ಲಿ ಆ ಸರದಿ ಮೊದಲೇ ಜೋಡಿಸಿ ಬಂದಿರುತ್ತದೆ: ಮೊದಲು ಜಾತಿ, ಆಮೇಲೆ ಪಕ್ಷ, ಆಮೇಲೆ ಬೀಗತನ, ಜಾಗ ಉಳಿದರೆ ಮನುಷ್ಯ. ಚುನಾವಣೆ ಬಂದಾಗ ಎರಡನೆಯದರ ಬಣ್ಣ ರಾತ್ರೋರಾತ್ರಿ ಬದಲಾಗುತ್ತದೆ, ಮೊದಲನೆಯದರ ಗುಂಡಿಗೆ ಬೀಗ ಜಡಿದಿದೆ.

ತಾನೇ ಹೊಂದಿಸಿಕೊಳ್ಳಲು ಬೇಸರವಾದವನು ಬೇರೆಯವರು ಮಾಡಿಟ್ಟ ಓವರ್‌ವ್ಯೂವನ್ನು ಚಾಟ್‌ನಲ್ಲಿ ಬಂದ ಒಂದು ಕೊಂಡಿ ಒತ್ತಿ ಇಡಿಯಾಗಿ ಪಡೆಯುವ ಅನುಕೂಲವೂ ತಮ್ಮಲ್ಲಿದೆ. ಅದರ ಕನ್ನಡ ಆವೃತ್ತಿಗೆ ನಾವು ವಾಟ್ಸಾಪ್ ಗುಂಪು ಎನ್ನುತ್ತೇವೆ. ಬೆಳಿಗ್ಗೆ ಎದ್ದು ಒತ್ತಿದರೆ ಸಾಕು, ಯಾರು ಕೆಂಪು, ಯಾರು ನೀಲಿ ಎಂದು ಸಂಜೆಯತನಕ ಯೋಚಿಸುವ ಕಷ್ಟವಿಲ್ಲ. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ‘ಏನ್ ಮಾವಾ, ಆರಾಮ ಅದೀಯೇನು?’ ಎಂದಾಗಲೂ ಅವನ ಹೆಸರು ಕೆಂಪಗೆ ಮಿನುಗುತ್ತಿರುತ್ತದೆ.

ಒಂದು ಭಾಷೆಯ ಮಾತು. ತಮ್ಮ ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷ್, ಜರ್ಮನ್, ಫ್ರೆಂಚ್, ರಷ್ಯನ್, ಜಪಾನಿ, ಕೊರಿಯನ್, ಚೀನಿ, ಸ್ಪ್ಯಾನಿಷ್ ಇವೆ. 2011ರ ಜನಗಣತಿಯಲ್ಲಿ 4.37 ಕೋಟಿ ಮಂದಿ ಮಾತೃಭಾಷೆ ಎಂದು ಬರೆಸಿದ ಕನ್ನಡ ಇಲ್ಲ. ಸಿಟ್ಟು ಬಂತು. ಆಮೇಲೆ ನೋಡಿದರೆ ತಮ್ಮದೇ ಐಸ್‌ಲ್ಯಾಂಡಿಕ್ ಕೂಡ ಅಲ್ಲಿಲ್ಲ. ವಿಂಡೋಸ್ ನಮ್ಮ ಭಾಷೆಯಲ್ಲೇ ಬೇಕು ಎಂದು 1990ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್ ಜತೆ ಹಟ ಹಿಡಿದು ಗೆದ್ದ ನಾಡು ತಮ್ಮದು! ಆಗ ನನಗೆ ಸಮಾಧಾನವಾಯಿತು. ಬೇರೆಯವರ ಅಂಗಡಿಯಲ್ಲಿ ತಾಯ್ನುಡಿ ಕೇಳುವುದು, ತಮ್ಮ ಅಂಗಡಿಯಲ್ಲಿ ಇಂಗ್ಲಿಷ್ ಮಾರುವುದು: ಈ ರೋಗ ನಮಗಷ್ಟೇ ಅಲ್ಲ, ಹಿಮದಲ್ಲೂ ಬದುಕುತ್ತದೆ ಎಂದಾಯಿತು. ಮುಂದೆ ಎಂದಾದರೂ ಕನ್ನಡ ಹಾಕುವ ಮನಸ್ಸಾದರೆ ಸಾಲುಗಳ ಎತ್ತರ ನೋಡಿಕೊಳ್ಳಿ. ನಮ್ಮ ಅಕ್ಷರಗಳು ಕೆಳಗೂ ಸಂಸಾರ ಹೂಡುತ್ತವೆ. ಒತ್ತಿ ಕೂರಿಸಿದ ಸಾಲಿನಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಕುಂದಗೋಳಕ್ಕೆ ಒತ್ತಿಲ್ಲ, ನಾವು ಪಾರು. ಹುಬ್ಬಳ್ಳಿಯವರಿಗೆ ಎರಡಿವೆ.

ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ:

1. ಅಧಿಕಾರದ ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬರ ಓವರ್‌ವ್ಯೂವನ್ನು ಅವರ ಬಾಗಿಲಿಗೆ ಅಂಟಿಸುವ ವ್ಯವಸ್ಥೆಯಾಗಲಿ. ಯಾವುದಕ್ಕೆ ಟಿಕ್ ಇದೆ, ಯಾವುದಕ್ಕೆ ಇಲ್ಲ ಎಂದು ಗೊತ್ತಿದ್ದರೆ ನಾವು ಬಸ್ ಚಾರ್ಜ್ ಉಳಿಸಿಕೊಳ್ಳುತ್ತೇವೆ.

2. ದೊಡ್ಡ ಯುದ್ಧದಲ್ಲಿ ಸರ್ವರ್ ತಡೆಯದಾದಾಗ ತಾವು ಆಟದ ಕಾಲವನ್ನೇ ನೂರಕ್ಕೆ ಹತ್ತರಷ್ಟು ವೇಗದವರೆಗೂ ಇಳಿಸುತ್ತೀರಿ. ಆಗ ಎಷ್ಟು ನಿಧಾನವಾಗಿದೆ ಎಂಬುದನ್ನು ಪರದೆಯ ಮೇಲೆ ತೋರಿಸುತ್ತೀರಿ. ಕಾಲ ನಿಧಾನ ಮಾಡುವ ತಂತ್ರ ನಮ್ಮ ಕೌಂಟರುಗಳಲ್ಲಿ ತಮಗಿಂತ ಮುಂಚಿನಿಂದ ಇದೆ. ಶೇಕಡಾವಾರು ತೋರಿಸುವ ಆ ಸಣ್ಣ ಚಕ್ರವೊಂದನ್ನು ಕಳಿಸಿಕೊಡಿ.

3. ತಮ್ಮ ಹಡಗಿನಲ್ಲಿ ಸುರಕ್ಷಾ ಗುಂಡಿ ಹಸಿರಿದ್ದರೆ, ಅಪರಾಧವಾಗುವ ಗುಂಡು ಹಾರುವುದೇ ಇಲ್ಲ. ಭಾಷಣದ ಮೈಕಿಗೆ ಇದನ್ನು ಅಳವಡಿಸಬಹುದೇ, ಪರಿಶೀಲಿಸಿ.

4. ತಾವು ದಿನಾಲೂ ನಮ್ಮ ಗಡಿಯಾರದ ಸಂಜೆ 4:30ಕ್ಕೆ ಸರ್ವರ್ ನಿಲ್ಲಿಸುತ್ತೀರಿ. ಹೇಳಿದ ಹೊತ್ತಿಗೆ ಹೋಗುವುದು ಎಂಬ ಆ ವಿದ್ಯೆಯನ್ನು ನಮ್ಮ ಕರೆಂಟಿಗೂ ಕಲಿಸಿ.

5. ಇದು ಮುಖ್ಯ. ಮೇಲಿನ ನಾಲ್ಕೂ ಆಗದಿದ್ದರೆ ಇದೊಂದನ್ನಾದರೂ ಕೊಡಿ: ಟಿಕ್ ತೆಗೆದವನ ಹಡಗಿಗೇ ಗುಂಡು ಬೀಳುವ ನಿಯಮ. ಬೆಳೆಯ ಕಾಲಂ ತಪ್ಪಿಸಿದವರ ಹೊಲಕ್ಕೆ ಬರ ಬರಲಿ ಎಂದು ಶಾಪ ಹಾಕುತ್ತಿಲ್ಲ. ಅವರ ಪಗಾರದ ಕಾಲಂ ಒಂದು ಹಂಗಾಮು ಓವರ್‌ವ್ಯೂದಲ್ಲಿ ಕಾಣದೆ ಹೋದರೆ ಸಾಕು. ಹೊಲ ನೋಡಲು ತಾವೇ ಬರುತ್ತಾರೆ.

ಈ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ಕೋರಿಕೆ.

ಇತಿ ತಮ್ಮ ವಿಶ್ವಾಸಿ,
ಕುಂದಗೋಳದ ಪೈಲಟ್

ಲಗತ್ತು: ಪಹಣಿ ಪ್ರತಿ ಒಂದು. ಕಾಲಂ ಜೋಡಿಸುವುದು ಹೇಗೆಂದು ತಮಗೂ ಕಲಿಯಲು ಬರುತ್ತದೆ.

ಪ್ರತಿ, ಮಾಹಿತಿಗಾಗಿ: ನಮ್ಮ ತಾಲೂಕು ಪಂಚಾಯಿತಿಯ ಮಾನ್ಯ ಸದಸ್ಯರಿಗೆ, ಅವರು ಆಯ್ಕೆಯಾಗಿ ಬಂದ ಮೇಲೆ.